ರಾಜಹಂಸ ಅಂದರೆ ಯಾವ ಹಕ್ಕಿ?

ಗೆಳೆಯರೇ, ನಮಸ್ಕಾರ.

ನವಿ ಮುಂಬೈಯ ಐರೋಲಿಯಲ್ಲಿ ನಮ್ಮ ಕನ್ನಡ ಬಳಗದ ಮಕ್ಕಳಿಗಾಗಿ ಹಕ್ಕಿಗಳ ಹೆಸರಿನ ಪಟ್ಟಿ ಮಾಡುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಮರಾಠಿ ಮಾತಾಡುವ ಮಕ್ಕಳು. ಹಾಗಾಗಿ ಎರಡೂ ಹೆಸರು ಇರಲಿ ಅಂದುಕೊಂಡೆ. ಕಾಗೆ, ಗುಬ್ಬಿ, ಮಿಂಚುಳ್ಳಿ ಎಲ್ಲ ಸಲೀಸಾಗಿ ಮುಗಿದವು. ರಾಜಹಂಸದ ಹತ್ತಿರ ಬಂದು ನಿಂತುಬಿಟ್ಟೆ.

ಇಲ್ಲಿನ ಠಾಣೆ ಖಾಡಿಗೆ, ಅಂದರೆ ಸಮುದ್ರದ ನೀರು ಒಳನುಗ್ಗುವ ಅಳಿವೆಗೆ, ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಸಾವಿರಾರು ಫ್ಲೆಮಿಂಗೊಗಳು ಬರುತ್ತವೆ. ನೀರು ಇಳಿದಾಗ ಕೆಸರಿನ ಮೇಲೆ ಗುಲಾಬಿ ಬಣ್ಣದ ಸಾಲೇ ಸಾಲು. ನಮ್ಮ ಪತ್ರಿಕೆಗಳು ಇದನ್ನು ರಾಜಹಂಸ ಅಂತ ಬರೆಯುತ್ತವೆ. ನಾನೂ ಮಕ್ಕಳಿಗೆ ಹಾಗೇ ಹೇಳಿಕೊಟ್ಟಿದ್ದೆ. ಮೊನ್ನೆ ದೋಣಿಯಲ್ಲಿ ಜೊತೆಗಿದ್ದ ಮರಾಠಿ ಕಾಕಾ ಒಬ್ಬರು, "ಇದು ರಾಜಹಂಸ ಅಲ್ಲ, ರೋಹಿತ" ಎಂದರು. ಅಗ್ನಿಪಂಖ ಅಂತಲೂ ಕರೆಯುತ್ತಾರಂತೆ. ಹಾಗಾದರೆ ರಾಜಹಂಸ ಯಾವುದು ಅಂತ ಕೇಳಿದೆ. ಮೊಬೈಲಿನಲ್ಲಿ ಫೋಟೊ ತೋರಿಸಿದರು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇದ್ದ ಹಕ್ಕಿ ಅದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುತ್ತದಲ್ಲ, ಅದೇ ಪಟ್ಟೆತಲೆ ಹೆಬ್ಬಾತು!

ಮನೆಗೆ ಬಂದು ಅಮರಕೋಶ ತೆಗೆದೆ. ಬಿಳಿ ಮೈ, ಕೆಂಪು ಕೊಕ್ಕು, ಕೆಂಪು ಕಾಲು ಇದ್ದರೆ ರಾಜಹಂಸ ಅಂತಿದೆ. ಹೆಬ್ಬಾತಿನ ಮೈ ಬೂದು, ಕೊಕ್ಕು ಕಾಲು ಹಳದಿ. ದೊಡ್ಡ ಫ್ಲೆಮಿಂಗೊದ ಮೈ ಹೆಚ್ಚುಕಡಿಮೆ ಬಿಳಿ, ಕಾಲು ಗುಲಾಬಿ, ಕೊಕ್ಕೂ ಗುಲಾಬಿ, ತುದಿ ಮಾತ್ರ ಕಪ್ಪು. ಈ ಲೆಕ್ಕದಲ್ಲಿ ಕನ್ನಡದವರು ಹೇಳುವುದೇ ಹತ್ತಿರ. ಆದರೆ ಕವಿಗಳ ಹಂಸ ಮಾನಸ ಸರೋವರದ್ದು ಅಲ್ವಾ? ಹಿಮಾಲಯ ದಾಟಿ ಟಿಬೆಟ್ಟಿನ ಸರೋವರಗಳಿಗೆ ಹೋಗಿ ಮರಿ ಮಾಡುವುದು ಹೆಬ್ಬಾತು. ಮರಾಠಿಯವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಿಡದೆ ಕಾಡುತ್ತಿದೆ. ಫ್ಲೆಮಿಂಗೊ ತಲೆಯನ್ನು ತಲೆಕೆಳಗು ಮಾಡಿ ಕೊಕ್ಕನ್ನು ನೀರಿಗಿಳಿಸುತ್ತದೆ. ಕೊಕ್ಕಿನ ಒಳಗೆ ಬಾಚಣಿಗೆಯಂಥ ಹಲ್ಲುಗಳಿವೆ. ನೀರನ್ನು ಹೊರಗೆ ತಳ್ಳಿ, ಪಾಚಿ ಮತ್ತು ಸಣ್ಣ ಜೀವಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಆ ಗುಲಾಬಿ ಬಣ್ಣ ಬರುವುದೂ ಈ ಊಟದಿಂದಲೇ. ಹಂಸ ಹಾಲು ನೀರು ಬೇರೆ ಮಾಡುತ್ತದೆ ಎಂಬ ಮಾತು ಇದನ್ನು ನೋಡಿಯೇ ಹುಟ್ಟಿರಬಹುದೇ? ನನ್ನ ಹತ್ತಿರ ಆಧಾರವಿಲ್ಲ. ದೋಣಿಯಲ್ಲಿ ಕೂತು ನೋಡುವಾಗ ಹಾಗನ್ನಿಸಿತು, ಅಷ್ಟೇ.

ಸುಮ್ನೆ ಪದದ ಹಟಕ್ಕೆ ಇದನ್ನೆಲ್ಲ ಕೇಳುತ್ತಿಲ್ಲ. ಈ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಆದರೆ ನೀರು ಏರಿದಾಗ ಹಕ್ಕಿಗಳು ಹೋಗಿ ನಿಲ್ಲುವ ಜೌಗು ಜಾಗಗಳು ನವಿ ಮುಂಬೈಯಲ್ಲಿ ಅಭಯಾರಣ್ಯದ ಹೊರಗೂ ಇವೆ. ಅವನ್ನು ಉಳಿಸಿ ಅಂತ ಮಕ್ಕಳು ಕನ್ನಡ ಮತ್ತು ಮರಾಠಿಯಲ್ಲಿ ಫಲಕ ಬರೆಯುತ್ತಿದ್ದಾರೆ. 2024ರ ಮೇ ತಿಂಗಳಲ್ಲಿ ಘಾಟ್‌ಕೋಪರಿನಲ್ಲಿ ವಿಮಾನಕ್ಕೆ ಬಡಿದು 30ಕ್ಕೂ ಹೆಚ್ಚು ಫ್ಲೆಮಿಂಗೊ ಸತ್ತವಲ್ಲ, ಆಗಿನಿಂದ ಅವರಿಗೆ ಈ ಹಕ್ಕಿ ಅಂದರೆ ಜಾಸ್ತಿ ಅಕ್ಕರೆ. ಅವರು ಕನ್ನಡದಲ್ಲಿ ರಾಜಹಂಸ ಅಂತ ಬರೆದು ಓದಿ ಹೇಳಿದರೆ, ಪಕ್ಕದ ಮನೆಯವರು ಬಾತು ಅಂದುಕೊಳ್ಳಬಾರದು.

ನನ್ನ ಒಲವು ಹೀಗಿದೆ. ಪಟ್ಟೆತಲೆಗೆ ಹೆಬ್ಬಾತು ಅಂತ ನಮ್ಮದೇ ಒಳ್ಳೆಯ ಹೆಸರಿದೆ. ಹಾಗಾಗಿ ಫ್ಲೆಮಿಂಗೊಗೆ ರಾಜಹಂಸ ಉಳಿಯಲಿ. ಫ್ಲೆಮಿಂಗೊದಲ್ಲೇ ಇಲ್ಲಿ ಕಾಣುವ ಎರಡು ಜಾತಿಗೆ ದೊಡ್ಡ ರಾಜಹಂಸ, ಚಿಕ್ಕ ರಾಜಹಂಸ ಅನ್ನೋಣ. ಅಗ್ನಿಪಂಖ ಕೇಳಿದ ಮೇಲೆ ಕೆಂಡರೆಕ್ಕೆ ಅಂತ ಹೊಸ ಪದ ಕಟ್ಟುವ ಆಸೆಯೂ ಆಯಿತು. ರೆಕ್ಕೆ ಬಿಚ್ಚಿದಾಗ ನಿಜಕ್ಕೂ ಕೆಂಡದ ಹಾಗೇ ಕಾಣುತ್ತದೆ. ಆದರೆ ಜನರ ಬಾಯಲ್ಲಿ ಆಗಲೇ ಒಂದು ಹೆಸರಿದ್ದರೆ ಅದೇ ಬೇಕು.

ಆಲಮಟ್ಟಿ ಹಿನ್ನೀರಿಗೂ ಇವು ಬರುತ್ತವೆ. ಬಾಗಲಕೋಟೆ, ವಿಜಯಪುರ ಕಡೆಯವರು ಯಾರಾದರೂ ಇದ್ದರೆ, ಅಲ್ಲಿನ ಮೀನುಗಾರರು, ಕುರಿ ಕಾಯುವವರು ಈ ಹಕ್ಕಿಯನ್ನು ಏನೆಂದು ಕರೆಯುತ್ತಾರೆ ಅಂತ ದಯವಿಟ್ಟು ಕೇಳಿ ತಿಳಿಸಿ. ಫಲಕಕ್ಕೆ ಬಣ್ಣ ಹಚ್ಚುವುದನ್ನು ಅಲ್ಲಿಯವರೆಗೆ ನಿಲ್ಲಿಸಿದ್ದೇನೆ.