ಕೆಳಗಿನ ಬೀದಿ, ಮೇಲಿನ ಬೀದಿ ನಿವಾಸಿಗಳ ಗುಂಪು: ಮೋರಿ ವಿಷಯ

ಕೊನೆ ಮನೆ (ಬೆಳಿಗ್ಗೆ 5:12): ರಾತ್ರಿ ಪೂರ್ತಿ ನಿದ್ದೆ ಇಲ್ಲ. ಮೋರಿ ನೀರು ಅಡುಗೆಮನೆ ತನಕ ನುಗ್ಗಿತು. ಅತ್ತೆಯವರನ್ನು ಮಂಚದ ಮೇಲೆ ಕೂರಿಸಿ ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಹಾಕಿದ್ದೇವೆ. ವೋಟು ಕೇಳುವವರು ಪ್ರತಿ ಸಲ ಅದೇ ಮೋರಿ ಕಲ್ಲಿನ ಮೇಲೆ ನಿಂತು ಕೈ ಮುಗಿಯುತ್ತಾರೆ. ಇವತ್ತು ಹನ್ನೊಂದಕ್ಕೆ ಎಲ್ಲರೂ ಪಟ್ಟಣ ಪಂಚಾಯಿತಿ ಆಫೀಸಿಗೆ ಬನ್ನಿ. ಬರದವರು ನಿಮ್ಮ ಮನೆ ನೀರು ನಿಮ್ಮಲ್ಲೇ ಇಟ್ಟುಕೊಳ್ಳಿ.

ಟೈಲರ್ ಅಕ್ಕ: ಅಯ್ಯೋ ಪಾಪ. ಅಜ್ಜಿ ಹುಷಾರಾಗಿದ್ದಾರಾ? ನಾನು ಬರುತ್ತೇನೆ. ಅರ್ಜಿ ಯಾರು ಬರೆಯುತ್ತೀರಿ?

ಎಲ್‌ಐಸಿ ಅಣ್ಣ: (ಫಾರ್ವರ್ಡ್) ಶುಭೋದಯ. ನಗುವವರ ಮನೆಯಲ್ಲಿ ಲಕ್ಷ್ಮಿ ನೆಲೆಸುತ್ತಾಳೆ.

ಮೇಷ್ಟ್ರು: ಅರ್ಜಿ ನಾನು ಬರೆಯುತ್ತೇನೆ. ಆದರೆ ಮೊದಲು ಒಂದು ಮಾತು. ನಮ್ಮ ಬೀದಿಯಲ್ಲಿ ಗೆದ್ದವರಿಗೆ ಎಷ್ಟು ಬಿತ್ತು ಅಂತ ಎಣಿಕೆ ದಿನವೇ ಏಜೆಂಟರು ಬರೆದುಕೊಂಡಿದ್ದಾರೆ. ಮತಯಂತ್ರವನ್ನು ಬೂತ್ ಪ್ರಕಾರ ಎಣಿಸುತ್ತಾರೆ. ನೀವು ಯಾರಿಗೆ ಒತ್ತಿದಿರಿ ಅಂತ ಗೊತ್ತಾಗುವುದಿಲ್ಲ, ನಿಮ್ಮ ಬೀದಿ ಯಾರ ಕಡೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕೇ ಕಾಂಕ್ರೀಟು ಮೇಲಿನ ಬೀದಿಗೆ ಹೋಯಿತು.

ಮೂಲೆ ಅಂಗಡಿ: ಮೇಷ್ಟ್ರೇ, ನೀರು ಇಳಿಜಾರು ನೋಡುತ್ತದೆ, ಪಕ್ಷ ನೋಡುವುದಿಲ್ಲ. ರಸ್ತೆ ಎತ್ತರ ಮಾಡಿದ್ದಕ್ಕೇ ಕೆಳಗೆ ಬರುತ್ತಿರುವುದು.

ಮೇಷ್ಟ್ರು: ಎತ್ತರ ಮಾಡಿಸಿದ್ದು ಯಾರು?

ಮೇಲಿನ ಬೀದಿ ಮೇಡಂ: ಸುಮ್ನೆ ನಮ್ಮ ಮೇಲೆ ಹಾಕಬೇಡಿ. ಗೆದ್ದ ದಿನ ಮೆರವಣಿಗೆಯಲ್ಲಿ ಕುಣಿದವರು ಕೆಳಗಿನ ಬೀದಿಯವರೇ. ಫೋಟೋ ಇದೆ. ಹಾಕಲಾ?

ಬಾಡಿಗೆ ಮನೆ: ಸಾರ್, ನನ್ನ ವೋಟು ಇನ್ನೂ ನಮ್ಮ ಊರಲ್ಲೇ ಇದೆ. ನನ್ನನ್ನು ಬಿಟ್ಟುಬಿಡಿ.

ಅಡ್ಮಿನ್: ಗುಂಪಿನಲ್ಲಿ ರಾಜಕೀಯ ಬೇಡ.

ಟೈಲರ್ ಅಕ್ಕ: ಮೋರಿ ರಾಜಕೀಯ ಅಲ್ಲದೆ ಇನ್ನೇನು ಅಡ್ಮಿನ್?

ಮೇಷ್ಟ್ರು: ಜನ ದಡ್ಡರಲ್ಲ. 1984ರ ಕೊನೆಯಲ್ಲಿ ಲೋಕಸಭೆಗೆ ರಾಜ್ಯದ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ ಕೊಟ್ಟರು. 1985ರ ಮಾರ್ಚಿನಲ್ಲಿ ಅದೇ ಜನ ವಿಧಾನಸಭೆಗೆ 224ರಲ್ಲಿ 139 ಜನತಾ ಪಕ್ಷಕ್ಕೆ ಕೊಟ್ಟರು. ಮೊನ್ನೆ ಮೊನ್ನೆ 2023ರಲ್ಲಿ ಕಾಂಗ್ರೆಸ್ಸಿಗೆ 135. ಮರುವರ್ಷ ಲೋಕಸಭೆಗೆ ಬಿಜೆಪಿಗೆ 17. ದೆಹಲಿಗೆ ಬೇರೆ ಲೆಕ್ಕ, ಬೆಂಗಳೂರಿಗೆ ಬೇರೆ ಲೆಕ್ಕ. ವಾರ್ಡ್ ಎಲೆಕ್ಷನ್ ಬಂದಾಗ ಮಾತ್ರ ಲೆಕ್ಕವೇ ಇಲ್ಲ. ನಮ್ಮವನು, ನೆಂಟ, ಸಾಲ ಕೊಟ್ಟವನು, ಮದುವೆಗೆ ಬಂದವನು.

ಮೂಲೆ ಅಂಗಡಿ: ಪಾಠ ಶುರು. ಯಾರಾದರೂ ಹಾಜರಿ ತೆಗೆದುಕೊಳ್ಳಿ.

ಎಲ್‌ಐಸಿ ಅಣ್ಣ: ಈ ಸಲ ಎಲ್ಲರೂ ನೋಟಾ ಒತ್ತೋಣ. ಬುದ್ಧಿ ಬರುತ್ತದೆ.

ಮೇಷ್ಟ್ರು: 2013ರಿಂದ ಇದೆ. ಯಾವ ಶಾಸಕರಿಗೂ ಅದರಿಂದ ಬುದ್ಧಿ ಬಂದದ್ದು ನಾನು ನೋಡಿಲ್ಲ. ಎಷ್ಟೇ ನೋಟಾ ಬಿದ್ದರೂ ಉಳಿದವರಲ್ಲಿ ಜಾಸ್ತಿ ಪಡೆದವರೇ ಶಾಸಕರು.

ಕೊನೆ ಮನೆ: ದಯವಿಟ್ಟು ಮೋರಿ ವಿಷಯ ಮಾತಾಡಿ. ಈಗ ಸದಸ್ಯರಿಗೆ ಫೋನ್ ಮಾಡಿದೆ. ಗೆದ್ದವರು ಮೇಡಂ, ಫೋನ್ ಎತ್ತಿದವರು ಯಜಮಾನರು. "ನಮ್ಮ ಅವಧಿ ಮುಗಿದಿದೆ, ಆಡಳಿತಾಧಿಕಾರಿಯನ್ನು ಕೇಳಿ" ಅಂದು ಇಟ್ಟರು.

ಮೇಷ್ಟ್ರು: ಅವಧಿ ಮುಗಿದದ್ದು ನಿಜ. 2018ರಲ್ಲಿ ಗೆದ್ದರು, ಅಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಯಿತು, 2020ರ ತನಕ ಕುರ್ಚಿ ಸಿಗಲಿಲ್ಲ. ಐದು ವರ್ಷ ಎಣಿಸುವುದು ಮೊದಲ ಸಭೆಯಿಂದ.

ಮೂಲೆ ಅಂಗಡಿ: ಕುರ್ಚಿ ಇದ್ದಾಗ ಮೋರಿಗೆ ಏನು ಮಾಡಿದರು?

ಮೇಲಿನ ಬೀದಿ ಮೇಡಂ: ಅದರ ಹಿಂದಿನವರು ಏನು ಮಾಡಿದರು?

ಟೈಲರ್ ಅಕ್ಕ: ಮುಖ್ಯಾಧಿಕಾರಿಗೆ ಅರ್ಜಿ ಕೊಡೋಣ, ಒಂದು ಪ್ರತಿ ಶಾಸಕರಿಗೂ ಕೊಡೋಣ. ಅಧ್ಯಕ್ಷರನ್ನು ಆರಿಸುವಾಗ ಬಂದು ವೋಟು ಹಾಕುತ್ತಾರಲ್ಲ, ಮೋರಿಗೂ ಬರಲಿ.

ಮೇಲಿನ ಬೀದಿ ಮೇಡಂ: ಶಾಸಕರಿಗೆ ಕೊಡುವುದಾದರೆ ನಮ್ಮ ಬೀದಿ ಸಹಿ ಇಲ್ಲ.

ಮೂಲೆ ಅಂಗಡಿ: ಸಂಸದರಿಗೂ ಒಂದು ಕೊಡಿ. ಇಬ್ಬರಿಗೂ ಬೇಜಾರಿಲ್ಲ.

ಎಲ್‌ಐಸಿ ಅಣ್ಣ: (ಫಾರ್ವರ್ಡ್) ಈ ಮೆಸೇಜನ್ನು ಹತ್ತು ಜನರಿಗೆ ಕಳುಹಿಸಿ, ಸಂಜೆಯೊಳಗೆ ಶುಭ ಸುದ್ದಿ.

ಅಡ್ಮಿನ್: ಅಣ್ಣ, ಫಾರ್ವರ್ಡ್ ಬೇಡ ಅಂತ ಎಷ್ಟು ಸಲ ಹೇಳುವುದು?

ಕೊನೆ ಮನೆ (11:25): ಆಫೀಸ್ ಮುಂದೆ ನಾನು, ಟೈಲರ್ ಅಕ್ಕ ಇಬ್ಬರೇ. ಮುಖ್ಯಾಧಿಕಾರಿ ಜಿಲ್ಲಾ ಕೇಂದ್ರಕ್ಕೆ ಮೀಟಿಂಗಿಗೆ ಹೋಗಿದ್ದಾರಂತೆ. ಮೇಷ್ಟ್ರೇ, ಅರ್ಜಿಯಾದರೂ ಕಳುಹಿಸಿ. ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬರುತ್ತೇವೆ.

ಮೇಷ್ಟ್ರು: ಮೂರನೇ ಪ್ಯಾರಾ ತಿದ್ದುತ್ತಿದ್ದೇನೆ. ಹಿನ್ನೆಲೆ ಇಲ್ಲದೆ ಅರ್ಜಿಗೆ ತೂಕ ಇರುವುದಿಲ್ಲ.

ಬಾಡಿಗೆ ಮನೆ: ಅಕ್ಕ, ಅಲ್ಲೇ ಇದ್ದೀರಲ್ಲ, ನನ್ನ ವೋಟು ಈ ವಾರ್ಡಿಗೆ ತರಲು ಏನು ಮಾಡಬೇಕು, ಕೇಳುತ್ತೀರಾ?

ಮೇಷ್ಟ್ರು: ಫಾರಂ 8. ಹೊಸಬರಿಗೆ ಫಾರಂ 6. ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ಕೊಡಿ.

ಮೇಲಿನ ಬೀದಿ ಮೇಡಂ: ಒಂದು ನಿಮಿಷ. ನಮ್ಮ ಅತ್ತಿಗೆ ಹೆಸರೇ ಪಟ್ಟಿಯಿಂದ ಹೋಗಿದೆ. ಹೋದ ಸಲ ಬೂತಿನ ತನಕ ಹೋಗಿ ವಾಪಸ್ ಬಂದರು.

ಮೂಲೆ ಅಂಗಡಿ: ನಮ್ಮಲ್ಲೂ ಹಾಗೇ! ತೀರಿಕೊಂಡ ತಾತನ ಹೆಸರಿದೆ, ಡಿಗ್ರಿ ಓದುವ ಮಗಳ ಹೆಸರಿಲ್ಲ.

ಟೈಲರ್ ಅಕ್ಕ: ಯಾರದ್ದು ತೆಗೆದಿದ್ದಾರೆ, ಯಾಕೆ ತೆಗೆದಿದ್ದಾರೆ, ಇದನ್ನು ಬಿಡಬಾರದು.

ಮೇಷ್ಟ್ರು: ಬೀದಿ ಪ್ರಕಾರ ಪಟ್ಟಿ ಮಾಡೋಣ. ಹಾಳೆ ನಾನು ತರುತ್ತೇನೆ.

ಅಡ್ಮಿನ್: ಬಿಎಲ್‌ಒ ಮೇಡಂ ನನಗೆ ಪರಿಚಯ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಗನವಾಡಿಗೆ ಬರುತ್ತಾರೆ. ಬರುವವರು ಕೆಳಗೆ ಹಾಕಿ.

ಮೇಲಿನ ಬೀದಿ ಮೇಡಂ: ನಮ್ಮ ಮನೆಯಿಂದ ನಾಲ್ಕು ಜನ.

ಮೂಲೆ ಅಂಗಡಿ: ಅಂಗಡಿ ಮುಚ್ಚಿ ಬರುತ್ತೇನೆ.

ಎಲ್‌ಐಸಿ ಅಣ್ಣ: ನಾನು, ನಮ್ಮ ಮನೆಯವರು.

ಬಾಡಿಗೆ ಮನೆ: ಹಾಜರ್.

ಕೊನೆ ಮನೆ: ನಮ್ಮ ಯಜಮಾನರ ಹೆಸರು ಇನ್ನೂ ಹಳೇ ಮನೆ ವಿಳಾಸದಲ್ಲೇ ಇದೆ. ನಾವೂ ಬರುತ್ತೇವೆ. ಆಧಾರ್ ಜೆರಾಕ್ಸ್ ಒಂದು ಸಾಕಾ, ಎರಡು ಬೇಕಾ?