ಒಂದೇ ಮನೇಲಿ ಒಟ್ಟಿಗೇ ಪಾಸಿಟಿವ್, ಅಪ್ಪನಿಗೆ ಆಕ್ಸಿಜನ್ ಬೇಕಾಯ್ತು, ನನಗೆ ಒಂದು ಸೀನೂ ಬರ್ಲಿಲ್ಲ, ಯಾಕೆ ಹೀಗೆ?

ನೀಲಿಪೆನ್ನು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ, ಗೊತ್ತಿರೋರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. 2021ರಲ್ಲಿ ನಮ್ಮನೇಲಿ ಅಪ್ಪ, ನನ್ನ ತಮ್ಮ, ನಾನು ಮೂರೂ ಜನಕ್ಕೆ ಕೊರೊನಾ ಪಾಸಿಟಿವ್ ಬಂತು. ಅಪ್ಪನಿಗೆ ಮೊದಲು ಜ್ವರ ಕೆಮ್ಮು, ಆಮೇಲೆ ಉಸಿರು ಎಳ್ಕೊಳ್ಳೋಕೆ ಶುರುವಾಗಿ ಆಸ್ಪತ್ರೇಲಿ ಆಕ್ಸಿಜನ್ ಹಾಕಿದ್ರು, ದೇವರ ದಯೆ ಗುಣ ಆಗಿ ಬಂದ್ರು. ತಮ್ಮನಿಗೆ ಮೈಕೈ ನೋವು, ವಾಸನೆ ಹೋಗಿತ್ತು. ನನಗೆ ಮಾತ್ರ ಏನಂದ್ರೆ ಏನೂ ಇಲ್ಲ, ಗಂಟಲು ಕೆರೆತ ಕೂಡ ಇಲ್ಲ, ರಿಪೋರ್ಟೇ ತಪ್ಪಿರಬೇಕು ಅಂದ್ಕೊಂಡು ಇನ್ನೊಂದ್ಸಲ ಮಾಡಿಸಿದ್ರೆ ಅದೂ ಪಾಸಿಟಿವ್.

ಆಗಿಂದ ಎಲ್ರೂ ನಿನಗೆ ಇಮ್ಯುನಿಟಿ ಜಾಸ್ತಿ ಕಣೇ ಅಂತಾರೆ, ಇನ್ನು ಕೆಲವರು ನಿನ್ನ ಮೈಗೆ ವೈರಸ್ ಸ್ವಲ್ಪಾನೇ ಹೋಗಿರುತ್ತೆ ಬಿಡು ಅಂತಾರೆ. ಯಾವುದು ನಿಜ? ಲಕ್ಷಣ ಇರೋರಿಗೂ ಇಲ್ದೋರಿಗೂ ಮೈಯೊಳಗೆ ನಿಜವಾಗ್ಲೂ ಏನು ವ್ಯತ್ಯಾಸ ಇರುತ್ತೆ? ಲಕ್ಷಣ ಇಲ್ದಿದ್ರೂ ನನ್ನಿಂದ ಬೇರೆಯವರಿಗೆ ಹರಡಿರೋ ಸಾಧ್ಯತೆ ಇತ್ತಾ?

---

ಲ್ಯಾಬ್‌ಕೋಟು:

ನಾನು ಪಿಸಿಆರ್ ಲ್ಯಾಬಲ್ಲಿ ಕೆಲಸ ಮಾಡಿದವನು ಮೇಡಂ, ವೈರಸ್ ಸ್ವಲ್ಪ ಹೋಗಿತ್ತು ಅನ್ನೋ ಭಾಗಕ್ಕೆ ನಾನು ಉತ್ತರ ಹೇಳ್ತೀನಿ, ಉಳಿದಿದ್ದಕ್ಕೆ ಡಾಕ್ಟರ್ ಯಾರಾದ್ರೂ ಬರ್ತಾರೆ.

ಪಿಸಿಆರ್ ರಿಪೋರ್ಟಲ್ಲಿ ಸಿಟಿ ವ್ಯಾಲ್ಯೂ ಅಂತ ಒಂದು ನಂಬರ್ ಇರುತ್ತೆ, ಇದು ಎದೆ ಸ್ಕ್ಯಾನ್ ಅಲ್ಲ, ಬೇರೆ. ಮಷಿನ್ ಒಳಗೆ ವೈರಸ್ಸಿನ ಜೀನ್ ತುಣುಕು ಪ್ರತಿ ಸುತ್ತಿಗೂ ಎರಡರಷ್ಟಾಗ್ತಾ ಹೋಗುತ್ತೆ, ಎಷ್ಟನೇ ಸುತ್ತಲ್ಲಿ ಸಿಗ್ನಲ್ ಗೆರೆ ದಾಟುತ್ತೋ ಅದೇ ಸಿಟಿ ವ್ಯಾಲ್ಯೂ, ಅಂದ್ರೆ ನಂಬರ್ ಕಮ್ಮಿ ಇದ್ದಷ್ಟೂ ಸ್ಯಾಂಪಲಲ್ಲಿ ವೈರಸ್ ಜಾಸ್ತಿ, ಸುಮಾರು 3.3 ಕಮ್ಮಿಯಾದ್ರೆ ವೈರಸ್ ಹತ್ತುಪಟ್ಟು. ಸ್ಕ್ರೀನ್ ಮೇಲೆ ಒಂದೇ ಪ್ಲೇಟಿನ ಕರ್ವ್‌ಗಳು ಒಂದರ ಹಿಂದೆ ಒಂದು ಏಳ್ತಾ ಇರ್ತವೆ, 18ಕ್ಕೇ ಎದ್ದಿದ್ದು ಯಾರದಪ್ಪಾ ಅಂತ ಬಾರ್‌ಕೋಡ್ ಹಿಡಿದು ಫಾರಂ ತೆಗೆದ್ರೆ ಲಕ್ಷಣ ಅನ್ನೋ ಕಡೆ 'ಇಲ್ಲ' ಅಂತ ಟಿಕ್ ಆಗಿರೋದು, 32ಕ್ಕೆ ಎದ್ದಿದ್ದು ನೋಡಿದ್ರೆ ಜ್ವರದಲ್ಲಿ ಮಲಗಿರೋ ಮನುಷ್ಯನದು. ಕರ್ವ್ ನೋಡಿ ಇವರಿಗೆ ಜ್ವರ ಇದೆ ಇಲ್ಲ ಅಂತ ಹೇಳೋಕೆ ಯಾವ ಲ್ಯಾಬಿನವರಿಗೂ ಆಗಲ್ಲ.

ಇದು ನನ್ನೊಬ್ಬನ ಅನುಭವ ಅಷ್ಟೇ ಅಲ್ಲ. ಇಟಲಿಯಲ್ಲಿ ವೋ ಅಂತ ಮೂರು ಸಾವಿರ ಚಿಲ್ಲರೆ ಜನರ ಪುಟ್ಟ ಊರಿದೆ, 2020ರ ಫೆಬ್ರುವರಿ ಮಾರ್ಚಲ್ಲಿ ಊರಿನ ಬಹುತೇಕ ಎಲ್ರಿಗೂ ಎರಡು ಸಲ ಟೆಸ್ಟ್ ಮಾಡಿದ್ರು. ಪಾಸಿಟಿವ್ ಬಂದವರಲ್ಲಿ ನೂರಕ್ಕೆ 42 ಜನಕ್ಕೆ ಲಕ್ಷಣವೇ ಇರಲಿಲ್ಲ, ಲಕ್ಷಣ ಇದ್ದವರಿಗೂ ಇಲ್ಲದವರಿಗೂ ವೈರಲ್ ಲೋಡಲ್ಲಿ, ಅಂದ್ರೆ ಸ್ಯಾಂಪಲಲ್ಲಿರೋ ವೈರಸ್ ಪ್ರಮಾಣದಲ್ಲಿ, ಹೇಳ್ಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಇನ್ನೂ ಗಟ್ಟಿ ಸಾಕ್ಷಿ ಬ್ರಿಟನ್ನಿಂದು, ಅಲ್ಲಿ 18ರಿಂದ 29 ವಯಸ್ಸಿನ ಆರೋಗ್ಯವಂತ 36 ಜನ ಸ್ವಯಂಸೇವಕರ ಮೂಗಿಗೆ ಬೇಕಂತಲೇ ಒಂದೇ ಅಳತೆಯ ವೈರಸ್ ಹನಿ ಬಿಟ್ಟು ನೋಡಿದ್ರು, 2022ರಲ್ಲಿ ಅದರ ವರದಿ ಬಂತು. 18 ಜನಕ್ಕೆ ಸೋಂಕು ಹತ್ತಿತು, ಅದರಲ್ಲಿ ಇಬ್ಬರಿಗೆ ಲಕ್ಷಣವೇ ಬರಲಿಲ್ಲ. ಹನಿ ಒಂದೇ, ಮೂಗಲ್ಲಿ ಬೆಳೆದ ವೈರಸ್ಸಿನ ಪ್ರಮಾಣಕ್ಕೂ ಲಕ್ಷಣ ಎಷ್ಟು ಜೋರು ಅನ್ನೋದಕ್ಕೂ ತಾಳೆಯೇ ಆಗಲಿಲ್ಲ. ಹಾಗಾಗಿ ನಿಮಗೆ ವೈರಸ್ ಕಮ್ಮಿ ಹೋಗಿತ್ತು ಅದಕ್ಕೇ ಏನೂ ಆಗ್ಲಿಲ್ಲ ಅನ್ನೋದನ್ನ ನಾನಂತೂ ಒಪ್ಪಲ್ಲ.

---

ಸುಮ್ನೆಓದೋನು:

ಆದ್ರೆ ಲಕ್ಷಣ ಇಲ್ದೋರು ಹರಡೋದು ತೀರಾ ಅಪರೂಪ ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳಿದ್ರಲ್ವಾ? ನನಗೆ ಚೆನ್ನಾಗಿ ನೆನಪಿದೆ, ಟಿವೀಲೆಲ್ಲ ಬಂದಿತ್ತು, ಆಮೇಲೆ ನಮ್ಮ ಗ್ರೂಪಲ್ಲಿ ಅದನ್ನೇ ಇಟ್ಕೊಂಡು ಮಾಸ್ಕ್ ಯಾಕೆ ಅಂತ ಗಲಾಟೆ ಆಗಿತ್ತು.

---

ವಾರ್ಡ್‌ರೌಂಡ್ಸ್:

ನಾನು ಫಿಸಿಶಿಯನ್, ಆ ಎರಡು ವರ್ಷ ಪೂರ್ತಿ ಕೋವಿಡ್ ವಾರ್ಡಲ್ಲೇ ಕಳೆದಿದ್ದು. ಮೊದಲು @ಸುಮ್ನೆಓದೋನು ಅವರಿಗೆ: ಅದು 2020ರ ಜೂನ್ 8ರ ಮಾತು, ಮಾರನೇ ದಿನವೇ ಅದೇ ಅಧಿಕಾರಿ ಸ್ಪಷ್ಟನೆ ಕೊಟ್ರು, ಕೆಲವೇ ಅಧ್ಯಯನ ಆಧರಿಸಿ ಹೇಳಿದ್ದು, ಲಕ್ಷಣ ಇಲ್ಲದವರಿಂದಲೂ ಹರಡುತ್ತೆ, ಎಷ್ಟು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ ಅಂತ. ಮೊದಲ ಮಾತು ಓಡಿದಷ್ಟು ದೂರ ಸ್ಪಷ್ಟನೆ ಓಡಲಿಲ್ಲ, ಅದು ನನಗೆ ಈಗ್ಲೂ ಬೇಜಾರು.

ಇಲ್ಲಿ ಗೊಂದಲ ಆಗೋ ಜಾಗ ಒಂದಿದೆ. ಟೆಸ್ಟ್ ಮಾಡಿದ ದಿನ ಲಕ್ಷಣ ಇಲ್ಲ ಅನ್ನೋರಲ್ಲಿ ಎರಡು ಥರ ಜನ ಸೇರ್ಕೊಂಡಿರ್ತಾರೆ. ಒಬ್ಬರಿಗೆ ಕೊನೇವರೆಗೂ ಏನೂ ಬರಲ್ಲ, ಇನ್ನೊಬ್ಬರಿಗೆ ಎರಡು ಮೂರು ದಿನ ಬಿಟ್ಟು ಜ್ವರ ಬರುತ್ತೆ, ಇವರು ಪ್ರೀಸಿಂಪ್ಟಮ್ಯಾಟಿಕ್. ಡೈಮಂಡ್ ಪ್ರಿನ್ಸೆಸ್ ಹಡಗು ನೆನಪಿರಬೇಕು, 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ನಿಂತಿತ್ತು, 3,711 ಜನರಲ್ಲಿ 712 ಜನಕ್ಕೆ ಸೋಂಕು, ಟೆಸ್ಟ್ ಹೊತ್ತಿಗೆ ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಲಕ್ಷಣ ಇರಲಿಲ್ಲ, ಆದ್ರೆ ಆಮೇಲೆ ಕೆಲವರಿಗೆ ಬಂತು. ಅದಕ್ಕೇ ಇವರು ಅಸಿಂಪ್ಟಮ್ಯಾಟಿಕ್ (ಕೊನೇವರೆಗೂ ಲಕ್ಷಣ ಇಲ್ಲದವರು) ಅಂತ ನಾವು ಬರೆಯೋಕಾಗೋದು ಎಲ್ಲ ಮುಗಿದ ಮೇಲೆ, ಮೊದಲ ದಿನ ಅಲ್ಲ. ಹರಡೋ ವಿಷಯದಲ್ಲಿ ಜಾಸ್ತಿ ಅಪಾಯ ಈ ಎರಡನೇ ಥರದವರಿಂದ, ಲಕ್ಷಣ ಶುರುವಾಗೋ ಎರಡು ದಿನ ಮುಂಚೆಯಿಂದಲೇ ಹರಡೋಕೆ ಶುರು ಆಗುತ್ತೆ, ಮನುಷ್ಯ ಆರಾಮಾಗಿ ಓಡಾಡ್ಕೊಂಡಿರ್ತಾನೆ. ಕೊನೇವರೆಗೂ ಲಕ್ಷಣ ಬರದವರಿಂದ ಹರಡೋದು ಕಮ್ಮಿ, ಇಲ್ಲ ಅಂತಲ್ಲ. ಕೆಮ್ಮು ಸೀನು ಇಲ್ದಿದ್ರೂ ಮಾತಾಡಿದಾಗ ಉಸಿರು ಬಿಟ್ಟಾಗ ಸಣ್ಣ ಕಣ ಹೊರಗೆ ಬರ್ತಾನೇ ಇರುತ್ತೆ.

ಈಗ ನಿಮ್ಮ ಮುಖ್ಯ ಪ್ರಶ್ನೆ ಮೇಡಂ, ಮೈಯೊಳಗಿನ ವ್ಯತ್ಯಾಸ. ಜ್ವರ, ಮೈಕೈ ನೋವು, ಸುಸ್ತು ಇವೆಲ್ಲ ಬಹುಪಾಲು ವೈರಸ್ ನೇರವಾಗಿ ಮಾಡೋದಲ್ಲ, ವೈರಸ್ ಕಂಡು ನಮ್ಮ ದೇಹ ಬಿಡೋ, ಉರಿಯೂತ ಎಬ್ಬಿಸೋ ಸಂದೇಶ ಪ್ರೋಟೀನುಗಳಾದ ಸೈಟೊಕೈನ್‌ಗಳ ಕೆಲಸ. (ನಿಮ್ಮ ತಮ್ಮನಿಗೆ ವಾಸನೆ ಹೋಗಿದ್ದು ಸ್ವಲ್ಪ ಬೇರೆ ಲೆಕ್ಕ, ಅಲ್ಲಿ ವಾಸನೆಯ ನರಗಳಿಗೆ ಆಸರೆಯಾಗಿರೋ ಪಕ್ಕದ ಕೋಶಗಳಿಗೇ ವೈರಸ್ ಹತ್ತುತ್ತೆ.) ವೈರಸ್ ಮೂಗೊಳಗೆ ಬಂದ ತಕ್ಷಣ ಕೋಶಗಳು ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನ ಎಚ್ಚರಿಸ್ತವೆ, ಇದು ಬೇಗ ಆಗಿ ಬೇಗ ನಿಂತುಹೋದ್ರೆ ಸೋಂಕು ಮೂಗು ಗಂಟಲಲ್ಲೇ ಮುಗಿಯುತ್ತೆ, ನಮಗೆ ಗೊತ್ತೂ ಆಗಲ್ಲ. ತಡ ಆದ್ರೆ ವೈರಸ್ ಶ್ವಾಸಕೋಶಕ್ಕೆ ಇಳಿಯುತ್ತೆ, ಆಮೇಲೆ ದೇಹ ಒಟ್ಟಿಗೇ ಜೋರಾಗಿ ತಿರುಗಿಬೀಳುತ್ತೆ, ಆ ಉರಿಯೂತದಲ್ಲೇ ಶ್ವಾಸಕೋಶ ಹಾಳಾಗೋದು. ವಾರ್ಡಲ್ಲಿ ಸಿಆರ್‌ಪಿ (ಉರಿಯೂತದ ಸೂಚಕ), ಡಿ-ಡೈಮರ್ (ರಕ್ತ ಹೆಪ್ಪುಗಟ್ಟೋದರ ಸೂಚಕ) ಏರ್ತಾ ಲಿಂಫೊಸೈಟ್ (ಒಂದು ಥರದ ಬಿಳಿ ರಕ್ತಕಣ) ಇಳೀತಾ ಇದ್ರೆ ನಮಗೆ ಭಯ ಶುರುವಾಗ್ತಿತ್ತು, ಅದೂ ಸಾಮಾನ್ಯವಾಗಿ ಎರಡನೇ ವಾರದಲ್ಲಿ, ಜ್ವರ ಬಿಡ್ತಲ್ಲ ಅಂತ ಮನೆಯವರು ನಿಟ್ಟುಸಿರು ಬಿಡೋ ಹೊತ್ತಲ್ಲೇ. ಲಕ್ಷಣ ಇಲ್ಲದವರಲ್ಲಿ ಈ ನಂಬರ್‌ಗಳು ಹೆಚ್ಚುಕಮ್ಮಿ ನಾರ್ಮಲ್ ಇರ್ತವೆ.

ಇದು ತಡ ಆಗೋದು ಯಾರಿಗೆ? ವಯಸ್ಸು ಎಲ್ಲಕ್ಕಿಂತ ದೊಡ್ಡ ಕಾರಣ, ಆಮೇಲೆ ಶುಗರ್, ಬೊಜ್ಜು, ಕಿಡ್ನಿ ತೊಂದರೆ. ಇನ್ನೊಂದು 2020ರಲ್ಲೇ ಗೊತ್ತಾಯ್ತು: ಕೆಲವರ ರಕ್ತದಲ್ಲಿ ಅವರದೇ ಇಂಟರ್‌ಫೆರಾನ್ ವಿರುದ್ಧ ಆಂಟಿಬಾಡಿ ಇರುತ್ತೆ, ಅದು ಆ ಎಚ್ಚರಿಕೆಯನ್ನೇ ತಡೆದುಬಿಡುತ್ತೆ. ಪ್ರಾಣಾಪಾಯದ ನ್ಯುಮೋನಿಯಾ ಆಗಿದ್ದ 987 ಜನರಲ್ಲಿ 101 ಜನಕ್ಕೆ ಇದು ಸಿಕ್ಕಿತು, ಅದರಲ್ಲಿ 95 ಗಂಡಸರು. ಲಕ್ಷಣ ಇಲ್ಲದ ಅಥವಾ ಸಣ್ಣಪುಟ್ಟ ಲಕ್ಷಣದ 663 ಜನರಲ್ಲಿ ಒಬ್ಬರಿಗೂ ಇರಲಿಲ್ಲ.

ಇನ್ನು ಲಕ್ಷಣವೇ ಬರದವರ ಕಡೆಯಿಂದ ನೋಡಿದ್ರೆ 2023ರಲ್ಲಿ ಒಂದು ಒಳ್ಳೆ ಸಂಶೋಧನೆ ಬಂತು. ಎಚ್‌ಎಲ್‌ಎ-ಬಿ 15:01 ಅನ್ನೋ ಜೀನ್ ರೂಪ ಲಕ್ಷಣ ಇಲ್ಲದವರಲ್ಲಿ ನೂರಕ್ಕೆ 20 ಜನರಲ್ಲಿತ್ತು, ಲಕ್ಷಣ ಬಂದವರಲ್ಲಿ 9 ಜನರಲ್ಲಿ. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಬಂದಿದ್ರೆ ಲಕ್ಷಣ ಇಲ್ಲದೇ ಪಾರಾಗೋ ಸಾಧ್ಯತೆ ಎಂಟುಪಟ್ಟಿಗೂ ಜಾಸ್ತಿ. ಯಾಕಂದ್ರೆ ಇಂಥವರ, ಸೋಂಕಾದ ಕೋಶಗಳನ್ನ ಗುರುತಿಸಿ ಕೊಲ್ಲೋ ಟಿ ಸೆಲ್‌ಗಳು ಹಳೇ ನೆಗಡಿ ತರೋ ಕೊರೊನಾಗಳನ್ನ ನೋಡಿ ಕಲಿತಿದ್ದು ಈ ಹೊಸದಕ್ಕೂ ಉಪಯೋಗಕ್ಕೆ ಬಂತು, ಎರಡರಲ್ಲೂ ಒಂದು ತುಣುಕು ಹೆಚ್ಚುಕಮ್ಮಿ ಒಂದೇ ಥರ ಇದೆ. ಆದ್ರೆ ಲಕ್ಷಣ ಇಲ್ಲದ ನೂರರಲ್ಲಿ 80 ಜನಕ್ಕೆ ಈ ಜೀನ್ ಇರಲಿಲ್ಲ, ಹಾಗಾಗಿ ಇದೊಂದೇ ಕಾರಣ ಅನ್ನೋಕಾಗಲ್ಲ.

ಇಮ್ಯುನಿಟಿ ಜಾಸ್ತಿ ಅನ್ನೋ ಮಾತಿಗೆ ನಾನು ಹೇಳೋದು ಇಷ್ಟೇ, ಜೋರಾಗಿ ಅಲ್ಲ, ಸರಿಯಾದ ಟೈಮಿಗೆ ಕೆಲಸ ಮಾಡ್ತು ಅನ್ನಿ. ಚೀನಾದಲ್ಲಿ 37 ಜನ ಲಕ್ಷಣ ಇಲ್ಲದವರನ್ನ ಅಷ್ಟೇ ಜನ ಲಕ್ಷಣ ಇದ್ದವರ ಜೊತೆ ಹೋಲಿಸಿ 2020ರಲ್ಲಿ ಬರೆದಿದ್ದರಲ್ಲಿ, ಲಕ್ಷಣ ಇಲ್ಲದವರ ಐಜಿಜಿ (ಸೋಂಕಾದ ಮೇಲೆ ರಕ್ತದಲ್ಲಿ ಉಳಿಯೋ ಬಗೆಯ) ಆಂಟಿಬಾಡಿ ಮೊದಲಿಂದಲೇ ಕಮ್ಮಿ, ಡಿಸ್ಚಾರ್ಜ್ ಆಗಿ ಎರಡು ತಿಂಗಳಿಗೆ ನೂರಕ್ಕೆ 40 ಜನಕ್ಕೆ ನೆಗೆಟಿವ್ವೇ ಆಗಿತ್ತು, ಲಕ್ಷಣ ಇದ್ದವರಲ್ಲಿ ಹಾಗಾಗಿದ್ದು 13 ಜನಕ್ಕೆ ಮಾತ್ರ. ಅದೇ ಗುಂಪಲ್ಲಿ ಲಕ್ಷಣ ಇಲ್ಲದ 37ರಲ್ಲಿ 11 ಜನರ ಎದೆ ಸ್ಕ್ಯಾನಲ್ಲಿ ಮಬ್ಬು ಕಲೆ ಕಾಣಿಸಿತ್ತು. ಅಂದ್ರೆ ಮನುಷ್ಯನಿಗೆ ಏನೂ ಅನ್ನಿಸ್ತಿಲ್ಲ ಅಂದ್ರೂ ಒಳಗೆ ಏನೂ ನಡೀತಿಲ್ಲ ಅಂತ ಅರ್ಥ ಅಲ್ಲ.

ಒಂದು ವಿಷಯ ಮಾತ್ರ ಇದರ ಜೊತೆ ಸೇರಿಸಬೇಡಿ. ಆಕ್ಸಿಜನ್ 85ಕ್ಕೆ ಇಳಿದಿದ್ರೂ ಹಾಸಿಗೆ ಮೇಲೆ ಕೂತು ಫೋನಲ್ಲಿ ಆರಾಮಾಗಿ ಮಾತಾಡ್ತಿದ್ದ ಪೇಷಂಟ್‌ಗಳನ್ನ ನೋಡಿದೀನಿ, ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ ಮಷಿನ್ ಕೆಟ್ಟಿದೆ ಅಂತ ಇನ್ನೊಂದು ಬೆರಳು ಕೊಡೋರು. ಅದು ಅಸಿಂಪ್ಟಮ್ಯಾಟಿಕ್ ಅಲ್ಲ, ಕಾಯಿಲೆ ಶ್ವಾಸಕೋಶಕ್ಕೆ ಇಳಿದಾಗಿದೆ, ಉಸಿರುಗಟ್ಟೋದು ಅನುಭವಕ್ಕೆ ಬಂದಿಲ್ಲ ಅಷ್ಟೇ.

---

ಇಬ್ಬರುಮಕ್ಕಳಮ್ಮ:

ಡಾಕ್ಟ್ರೇ, ಮಕ್ಕಳಿಗೆ ಯಾಕೆ ಅಷ್ಟೊಂದು ಲಕ್ಷಣ ಬರಲ್ಲ? ನಮ್ಮ ಸಣ್ಣವನಿಗೆ ಪಾಸಿಟಿವ್ ಬಂದಾಗ ಮನೆ ತುಂಬಾ ಕುಣೀತಿದ್ದ. ಅದರಿಂದ ಮುಂದೆ ಏನಾದ್ರೂ ತೊಂದರೆ ಇರುತ್ತಾ?

---

ವಾರ್ಡ್‌ರೌಂಡ್ಸ್:

ಮಕ್ಕಳ ಮೂಗಿನ ಕೋಶಗಳಲ್ಲಿ ಈ ಇಂಟರ್‌ಫೆರಾನ್ ಎಚ್ಚರಿಕೆ ಮೊದಲೇ ಸ್ವಲ್ಪ ಆನ್ ಆಗೇ ಇರುತ್ತೆ ಅಮ್ಮಾ, ವೈರಸ್ ಬಂದ ಕೂಡಲೇ ಬೇಗ ತಡೆ ಬೀಳುತ್ತೆ, ಬಹುಪಾಲು ಮಕ್ಕಳು ಹಾಗೇ ಪಾರಾಗ್ತಾರೆ. ಅಪರೂಪಕ್ಕೆ, ಸೋಂಕಾಗಿ ಎರಡರಿಂದ ಆರು ವಾರ ಬಿಟ್ಟು ಎಂಐಎಸ್-ಸಿ ಅನ್ನೋ, ಮೈಯ ಹಲವು ಅಂಗಗಳಿಗೆ ಉರಿಯೂತ ಆಗೋ ಕಾಯಿಲೆ ಬರಬಹುದು, ಸೋಂಕಿನ ಟೈಮಲ್ಲಿ ಏನೂ ಲಕ್ಷಣ ಇಲ್ಲದ ಮಕ್ಕಳಲ್ಲೂ ಕಂಡಿದೆ. ಬಿಡದ ಜ್ವರ, ಹೊಟ್ಟೆನೋವು ವಾಂತಿ, ಕಣ್ಣು ಕೆಂಪಗಾಗೋದು, ಮೈಮೇಲೆ ಗಂಧೆ ಥರ, ಮಗು ಮಂಕಾಗೋದು. ಇಂಥದ್ದು ಕಂಡ್ರೆ ಹಿಂದೆ ಯಾವಾಗ ಪಾಸಿಟಿವ್ ಬಂದಿತ್ತು ಅಂತ ಡಾಕ್ಟರಿಗೆ ಹೇಳೋದು ಮರೀಬೇಡಿ. ನಿಮ್ಮ ಮಗನಿಗೆ ಆ ಆರು ವಾರ ದಾಟಿ ಬಹಳ ದಿನ ಆಗಿದ್ರೆ ಇದರ ಚಿಂತೆ ಬಿಡಿ.

---

ನೀಲಿಪೆನ್ನು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳ್ಲೇಬೇಕು. ಮನೆಯಿಂದ ಹೊರಗೆ ಹೋಗ್ತಾ ಇದ್ದಿದ್ದು ನಾನೇ ಜಾಸ್ತಿ, ಅಪ್ಪನಿಗೆ ನನ್ನಿಂದಾನೇ ಬಂತಾ ಅನ್ನೋದು ಇವತ್ತಿಗೂ ಮನಸ್ಸಿಂದ ಹೋಗಿಲ್ಲ, ಅದನ್ನ ಈಗ ಯಾವ ಟೆಸ್ಟಲ್ಲಾದ್ರೂ ತಿಳ್ಕೊಳ್ಳೋಕಾಗುತ್ತಾ? ನಾನು ಆಂಟಿಬಾಡಿ ಟೆಸ್ಟು, ಸ್ಕ್ಯಾನು ಮಾಡಿಸಬೇಕಾ?

---

ಲ್ಯಾಬ್‌ಕೋಟು:

ಆಗಲ್ಲ ಮೇಡಂ, ಈಗ ಅಂತಲ್ಲ ಆವತ್ತೇ ನಿಮ್ಮ ಮೂರೂ ಜನರ ಸ್ಯಾಂಪಲ್ ತಗೊಂಡು ಪೂರ್ತಿ ಜೀನೋಮ್ ಸೀಕ್ವೆನ್ಸಿಂಗ್ (ವೈರಸ್ಸಿನ ಜೀನನ್ನ ಅಕ್ಷರ ಅಕ್ಷರ ಓದೋದು) ಮಾಡಿದ್ರೂ ಹೇಳೋಕಾಗ್ತಿರಲಿಲ್ಲ. ಈ ವೈರಸ್ಸಿನ ಜೀನಲ್ಲಿ ಬದಲಾವಣೆ ಆಗೋದು ತಿಂಗಳಿಗೆ ಸುಮಾರು ಎರಡು, ಒಂದೇ ಮನೇಲಿ ಕೆಲವೇ ದಿನದಲ್ಲಿ ಹರಡಿದ್ರೆ ಮೂರೂ ಜನರದು ಬಹುತೇಕ ಒಂದೇ ಥರ ಕಾಣುತ್ತೆ, ಯಾರಿಂದ ಯಾರಿಗೆ ಹೋಯ್ತು ಅಂತ ದಿಕ್ಕು ಸಿಗಲ್ಲ. ಯಾರಿಗೆ ಮೊದಲು ಜ್ವರ ಬಂತು ಅನ್ನೋದರಿಂದಲೂ ಸಿಗಲ್ಲ, ಒಬ್ಬರಿಗೆ ಎರಡು ದಿನಕ್ಕೆ ಲಕ್ಷಣ ಬರುತ್ತೆ ಇನ್ನೊಬ್ಬರಿಗೆ ಹತ್ತು ದಿನಕ್ಕೆ. ಅಪ್ಪನಿಂದ ನಿಮಗೆ ಬಂದಿರೋ ಸಾಧ್ಯತೆಯೂ ಅಷ್ಟೇ ಇದೆ, ತಮ್ಮನಿಂದ ಇಬ್ಬರಿಗೂ ಬಂದಿರೋ ಸಾಧ್ಯತೆಯೂ ಇದೆ. ದಯವಿಟ್ಟು ಅದನ್ನ ತಲೆ ಮೇಲೆ ಹೊತ್ಕೊಂಡು ತಿರುಗಬೇಡಿ.

---

ವಾರ್ಡ್‌ರೌಂಡ್ಸ್:

ಲ್ಯಾಬಿನವರು ಹೇಳಿದ್ದು ಸರಿ. ಆಂಟಿಬಾಡಿ ಟೆಸ್ಟ್ ಬೇಡ, ಲಸಿಕೆ ತಗೊಂಡಿದ್ರೆ ಸ್ಪೈಕ್ (ವೈರಸ್ಸಿನ ಮೇಲಿರೋ ಮುಳ್ಳಿನಂಥ ಪ್ರೋಟೀನ್) ಆಂಟಿಬಾಡಿ ಹೇಗೂ ಪಾಸಿಟಿವ್ ಬರುತ್ತೆ, ಅದು ಬಿಟ್ಟು ಸೋಂಕಿನಿಂದ ಮಾತ್ರ ಬರೋ ಆಂಟಿಬಾಡಿ ನೋಡೋಣ ಅಂದ್ರೆ ಇಷ್ಟು ವರ್ಷದಲ್ಲಿ ಇಳಿದುಹೋಗಿರುತ್ತೆ, ಇಲ್ಲಾ ಮಧ್ಯೆ ಗೊತ್ತಿಲ್ದೇ ಇನ್ನೊಂದು ಸಲ ಆಗಿದ್ರೆ ಅದೇ ಕಾಣಿಸುತ್ತೆ, ಯಾವುದಕ್ಕೂ ಉತ್ತರ ಆಗಲ್ಲ. ಸ್ಕ್ಯಾನೂ ಬೇಡ, ಸುಮ್ನೆ ರೇಡಿಯೇಷನ್. ಲಾಂಗ್ ಕೋವಿಡ್, ಅಂದ್ರೆ ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯೋ ತೊಂದರೆ, ಸೋಂಕಿನ ಟೈಮಲ್ಲಿ ಲಕ್ಷಣ ಇಲ್ಲದವರಿಗೂ ಬರುತ್ತೆ, ಕಮ್ಮಿ ಜನಕ್ಕೆ. ಹಾಗಾಗಿ ಮೆಟ್ಟಿಲು ಹತ್ತಿದ್ರೆ ಮೊದಲಿಲ್ಲದ ಏದುಸಿರು, ತಿಂಗಳುಗಟ್ಟಲೆ ಬಿಡದ ಸುಸ್ತು, ಎದೆ ಡವಡವ ಇದ್ರೆ ಮಾತ್ರ ತೋರಿಸಿ, ಆಗ ಏನು ಟೆಸ್ಟ್ ಬೇಕು ಅಂತ ನೋಡಿದವರು ಹೇಳ್ತಾರೆ. ಅಪ್ಪನ ಶ್ವಾಸಕೋಶದ ಫಾಲೋಅಪ್ ಆಗಿದ್ಯಾ? ಆಕ್ಸಿಜನ್ ಬೇಕಾಗಿದ್ದವರಿಗೆ ಈಗ್ಲೂ ನಡೆದ್ರೆ ಆಯಾಸ ಆಗ್ತಿದ್ರೆ ಒಂದು ಲಂಗ್ ಫಂಕ್ಷನ್ ಟೆಸ್ಟ್ ಮಾಡಿಸಿ, ನಿಮಗಿಂತ ಅವರಿಗೆ ಅದು ಮುಖ್ಯ.