ವೃದ್ಧಾಶ್ರಮದ ಅನುದಾನ: 12-ಎ ಯುಸಿ ವಾಪಸ್ ಬಂದಿದೆ, ಶಿಲ್ಕು ತಾಳೆ ಆಗ್ತಿಲ್ಲ

ಶಿಲ್ಕುಪುಸ್ತಕ:
ಅಟಲ್ ವಯೋ ಅಭ್ಯುದಯ ಯೋಜನೆಯಡಿ 25 ಹಿರಿಯರ ವೃದ್ಧಾಶ್ರಮಕ್ಕೆ ಬಂದ ಅನುದಾನದ ಯುಸಿ (12-ಎ ನಮೂನೆಯ ಹಣ ಬಳಕೆ ಪ್ರಮಾಣಪತ್ರ), ಮೂರು ಆಕ್ಷೇಪಣೆಗಳ ಸಮೇತ ವಾಪಸ್ ಬಂದಿದೆ. ಅಂತಿಮ ಶಿಲ್ಕಿಗೂ ಪಾಸ್‌ಬುಕ್ಕಿಗೂ ತಾಳೆ ಇಲ್ಲ. ಬಡ್ಡಿ ಸರ್ಕಾರಕ್ಕೆ ಕಟ್ಟಿಲ್ಲ. ಪಿಎಫ್‌ಎಂಎಸ್‌ (ಸರ್ಕಾರಿ ಹಣದ ಪಾವತಿ, ಲೆಕ್ಕದ ಆನ್‌ಲೈನ್ ವ್ಯವಸ್ಥೆ) ಒಳಗೆ ಖರ್ಚು ನಮೂದಿಸುವ ವಿಭಾಗವಾದ ಇಎಟಿಯಲ್ಲಿ ಕಾಣುವ ಖರ್ಚಿಗಿಂತ ಯುಸಿಯ ಖರ್ಚು ಜಾಸ್ತಿ ಇದೆ.

ನಾವು ಕೊಟ್ಟ ಲೆಕ್ಕ: ಆರಂಭ ಶಿಲ್ಕು 1,20,000, ಬಡ್ಡಿ 14,600, ಈ ವರ್ಷದ ಅನುದಾನ 18,00,000, ಒಟ್ಟು 19,34,600. ಖರ್ಚು 18,90,000, ಉಳಿಕೆ 44,600. ಮಾರ್ಚ್ 31ಕ್ಕೆ ಪಾಸ್‌ಬುಕ್‌ನಲ್ಲಿ 78,400 ಇದೆ. ಇಎಟಿ ಖರ್ಚು 18,03,000. ಸೋಲಾರ್ ವಾಟರ್ ಹೀಟರ್‌ನವರಿಗೆ ಕೊಟ್ಟ 60,000 ಮುಂಗಡ ನಮ್ಮ ಖರ್ಚಿನಲ್ಲಿ ಸೇರಿದೆ, ಮಾಲು ಬಂದದ್ದು ಏಪ್ರಿಲ್‌ನಲ್ಲಿ. ಬಡ್ಡಿಯನ್ನು ದಿನಸಿಗೆ ಬಳಸಿದ್ದೇವೆ ಅಂತ ತೋರಿಸಿದರೆ ನಡೆಯುತ್ತದೆಯೇ?

ಹಾವೇರಿಲೆಕ್ಕಿಗ:
ಬಡ್ಡಿ ವಿಷಯ ಮೊದಲು. ನಡೆಯುವುದಿಲ್ಲ ಸರ್. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್ 2017ರ ನಿಯಮ 230(8) ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಲೇಬೇಕು. ಮುಂದಿನ ಕಂತಿನಲ್ಲಿ ಮುರಿದುಕೊಳ್ಳಿ ಅನ್ನುವುದಕ್ಕೂ ಅವಕಾಶ ಇಲ್ಲ. ನಿಮ್ಮ ಅಂಕಿ ನೋಡಿದರೆ ಬಡ್ಡಿ ಖರ್ಚೂ ಆಗಿಲ್ಲ, ಶಿಲ್ಕಿನಲ್ಲೇ ಕೂತಿದೆ. ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಭಾರತ್‌ಕೋಶ್‌ನಲ್ಲಿ ಸಚಿವಾಲಯ, ಪಿಎಒ (ವೇತನ ಮತ್ತು ಲೆಕ್ಕ ಕಚೇರಿ), ಡಿಡಿಒ (ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ) ಸರಿಯಾಗಿ ಆರಿಸಿ 14,600 ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಡಿಡಿಒ ಯಾವುದು ಅನ್ನುವುದು ಸ್ಪಷ್ಟ ಇಲ್ಲದಿದ್ದರೆ ಇಲಾಖೆಯನ್ನೇ ಕೇಳಿ. ತಪ್ಪು ಡಿಡಿಒಗೆ ಹೋದ ಹಣವನ್ನು ಸರಿಪಡಿಸಿಕೊಳ್ಳುವುದು ದೊಡ್ಡ ಗೋಳು.

ಈಗ ಕಟ್ಟಿದ್ದನ್ನು ಹಳೇ ವರ್ಷದ ಯುಸಿಯ 3ನೇ ಕಾಲಂನಲ್ಲಿ (ಸರ್ಕಾರಕ್ಕೆ ಕಟ್ಟಿದ ಬಡ್ಡಿ) ಬರೆಯಬೇಡಿ. ಮಾರ್ಚ್ 31ರೊಳಗೆ ಕಟ್ಟಿಲ್ಲ, ಆದ್ದರಿಂದ ಅಲ್ಲಿ ಸೊನ್ನೆ. ಮುಂದಿನ ವರ್ಷದ ಯುಸಿಯಲ್ಲಿ ಅದೇ ಕಾಲಂಗೆ 14,600 ಬರುತ್ತದೆ. ಈಗಿನ ಯುಸಿ ಜೊತೆ ರಸೀದಿ ಲಗತ್ತಿಸಿದರೆ ಸಾಕು.

ಮುಂಗಡ ಖರ್ಚಲ್ಲ. 12-ಎ ನಮೂನೆಯಲ್ಲಿ ವರ್ಷದ ಕೊನೆಯ ಸ್ಥಿತಿ ತೋರಿಸುವಾಗ ‘ಕೈಯಲ್ಲಿ/ಬ್ಯಾಂಕಿನಲ್ಲಿರುವ ನಗದು’ ಒಂದು ಸಾಲು, ‘ಹೊಂದಾಣಿಕೆಯಾಗದ ಮುಂಗಡ’ ಇನ್ನೊಂದು ಸಾಲು. 60,000 ಎರಡನೆಯದಕ್ಕೆ ಹೋಗಬೇಕು. ಇಎಟಿಯಲ್ಲೂ ಹಾಗೇ, ಮುಂಗಡದ ಇತ್ಯರ್ಥ ನಮೂದಿಸುವವರೆಗೆ ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಪಾಸ್‌ಬುಕ್‌ನ 78,400ಕ್ಕೂ ನಿಮ್ಮ ಉಳಿಕೆ 44,600ಕ್ಕೂ ಇರುವ 33,800ರ ವ್ಯತ್ಯಾಸ. ಮಾರ್ಚ್‌ನಲ್ಲಿ ಮುರಿದುಕೊಂಡ ಟಿಡಿಎಸ್ ಎಷ್ಟು? ಬ್ಯಾಂಕಿಗೆ ಹೋಗದ ಪೇಮೆಂಟ್ ಅಡ್ವೈಸ್ (ಪಿಪಿಎ, ಹಣ ಪಾವತಿಸಲು ಬ್ಯಾಂಕಿಗೆ ಕೊಡುವ ಪತ್ರ) ಏನಾದರೂ ಇದೆಯೇ?

ಶಿಲ್ಕುಪುಸ್ತಕ:
ಟಿಡಿಎಸ್ 6,800, ಏಪ್ರಿಲ್‌ನಲ್ಲಿ ಕಟ್ಟಿದೆವು. ಹಾಲಿನವರ 27,000ಕ್ಕೆ ಮಾರ್ಚ್ 18ರಂದು ಪಿಪಿಎ ತೆಗೆದಿದ್ದೆವು, ಬ್ಯಾಂಕಿಗೆ ಮುಟ್ಟಿಸಿದ ದಾಖಲೆ ಸಿಗುತ್ತಿಲ್ಲ. ಆ ಬಿಲ್ ಏಪ್ರಿಲ್‌ನಲ್ಲಿ ಹೊಸ ಪಿಪಿಎ ಮೂಲಕ ಪಾವತಿಯಾಗಿದೆ.

ಕಡತಕಟ್ಟು:
ಹಾಗಾದರೆ ಲೆಕ್ಕ ಪೂರ್ತಿ ಬಿಡಿಸಿಕೊಂಡಿತು. ಪಿಪಿಎ ಮೇಲೆ ಅವಧಿ ಮುದ್ರಿತವಾಗಿರುತ್ತದೆ. ಅಷ್ಟರೊಳಗೆ ಬ್ಯಾಂಕಿಗೆ ಕೊಡದಿದ್ದರೆ ಆ ಪಾವತಿ ಬಿದ್ದುಹೋಗುತ್ತದೆ. ನಿಮ್ಮ ಕ್ಯಾಶ್‌ಬುಕ್‌ನಲ್ಲಿ ಖರ್ಚು ಬರೆದೇ ಇದೆ, ಇಎಟಿ ಅದನ್ನು ತೆಗೆದುಹಾಕಿದೆ. 18,90,000ರಲ್ಲಿ 60,000, 27,000 ಕಳೆಯಿರಿ: 18,03,000. ಇಎಟಿ ಹೇಳುತ್ತಿರುವುದೂ ಅದನ್ನೇ.

ಸರಿಯಾದ ಖರ್ಚು 18,03,000, ಅಂತಿಮ ಶಿಲ್ಕು 1,31,600. ಪಾಸ್‌ಬುಕ್‌ನ 78,400ರಿಂದ ಟಿಡಿಎಸ್ ಬಾಕಿ 6,800 ತೆಗೆದರೆ 71,600, ಅದಕ್ಕೆ ಮುಂಗಡ 60,000 ಕೂಡಿಸಿದರೆ 1,31,600. ಟಿಡಿಎಸ್ ಮಾತ್ರ ಖರ್ಚಿನಲ್ಲೇ ಇರಲಿ, ಬಿಲ್ಲಿನ ಪೂರ್ತಿ ಮೊತ್ತ ಖರ್ಚೇ. ಮಾರ್ಚ್‌ನ ಟಿಡಿಎಸ್ ಕಟ್ಟಲು ಏಪ್ರಿಲ್ 30ರವರೆಗೆ ಸಮಯ ಇರುವುದರಿಂದ ಅದು ತಪ್ಪೂ ಅಲ್ಲ. ಬ್ಯಾಂಕ್ ತಾಳೆಪಟ್ಟಿಯಲ್ಲಿ ಒಂದು ಸಾಲು ಬರೆದು ಚಲನ್ ಲಗತ್ತಿಸಿ. ಹಾಲಿನ 27,000 ಮುಂದಿನ ವರ್ಷದ ಖರ್ಚಾಗಿ ಬರಲಿ.

ಶಿಲ್ಕು ದೊಡ್ಡದಾಯಿತೆಂದು ದಯವಿಟ್ಟು ಅಂಕಿ ಎಳೆದಾಡಬೇಡಿ. ಬಡ್ಡಿ ಬಿಟ್ಟು ಮಿಕ್ಕ ಉಳಿಕೆಯನ್ನು ಮುಂದಿನ ಬಿಡುಗಡೆಯಲ್ಲಿ ಹೊಂದಿಸಿಕೊಳ್ಳುತ್ತಾರೆ, ಅದು ಮಾಮೂಲು. ಇಲ್ಲದ ಖರ್ಚು ತೋರಿಸಿದ ಯುಸಿ ಸಿಕ್ಕಿಬಿದ್ದರೆ ಮುಂದಿನ ಕಂತೇ ನಿಲ್ಲುತ್ತದೆ, ಕೊನೆಗೆ ಅದರ ಬಿಸಿ ತಟ್ಟುವುದು ಅಲ್ಲಿರುವ ಹಿರಿಯರ ಊಟ, ಔಷಧಿಗೆ.

ನನಗೆ ಇದೆಲ್ಲಕ್ಕಿಂತ ಚಿಂತೆ ಸೋಲಾರ್ ಹೀಟರ್‌ದು. ಮಂಜೂರಾತಿ ಆದೇಶದಲ್ಲಿ ಆ ಬಾಬ್ತು ಇದೆಯೇ? ವೇತನ, ಸಾಮಾನ್ಯ ವೆಚ್ಚ, ಬಂಡವಾಳ ಆಸ್ತಿ ಬೇರೆ ಬೇರೆ ಶೀರ್ಷಿಕೆಗಳು, 12-ಎ ಕೂಡ ಖರ್ಚನ್ನು ಹಾಗೇ ವಿಂಗಡಿಸಿ ಕೇಳುತ್ತದೆ. ಊಟ-ಔಷಧಿಗೆ ಕೊಟ್ಟ ಹಣದಲ್ಲಿ ಹೀಟರ್ ಕೊಂಡಿದ್ದರೆ ಅದು ಲೆಕ್ಕದ ತಪ್ಪಲ್ಲ, ಅನುದಾನವನ್ನು ಬೇರೆಡೆ ತಿರುಗಿಸಿದಂತೆ. ಯುಸಿ ತಿದ್ದುವ ಮೊದಲೇ ಇಲಾಖೆಗೆ ಬರೆದು ಅನುಮೋದನೆ ಕೇಳಿ. ಸಿಗದಿದ್ದರೆ ಸಂಸ್ಥೆಯ ಸ್ವಂತ ನಿಧಿಯಿಂದ 60,000 ಅನುದಾನದ ಖಾತೆಗೆ ವಾಪಸ್ ತುಂಬಬೇಕು. ಸಿಕ್ಕರೆ ಜಿಎಫ್‌ಆರ್ 22ನೇ ನಮೂನೆಯ ಆಸ್ತಿ ರಿಜಿಸ್ಟರ್‌ಗೆ ಹೀಟರ್ ಸೇರಿಸಿ. ಮಂಜೂರು ಮಾಡಿದವರ ಪೂರ್ವಾನುಮತಿ ಇಲ್ಲದೆ ಅದನ್ನು ಮುಂದೆ ಮಾರುವಂತಿಲ್ಲ.

ಶಿಲ್ಕುಪುಸ್ತಕ:
ಆದೇಶ ನೋಡಿದೆ. ಹೀಟರ್ ಅದರಲ್ಲಿ ಇಲ್ಲ, ಇವತ್ತೇ ಪತ್ರ ಬರೆಯುತ್ತೇವೆ. ಹಳೇ ಯುಸಿಯಲ್ಲಿ ಸಿಎ ಅವರ ಯುಡಿಐಎನ್ (ಅವರು ಸಹಿ ಮಾಡಿದ ದಾಖಲೆಯ ವಿಶಿಷ್ಟ ಗುರುತು ಸಂಖ್ಯೆ) ಇದೆ. ಅದೇ ನಂಬರ್ ಹಾಕಿ ಅಂಕಿ ಮಾತ್ರ ತಿದ್ದಿದರೆ ಆಗುತ್ತದೆಯೇ?

ಹಾವೇರಿಲೆಕ್ಕಿಗ:
ಆಗುವುದಿಲ್ಲ. ಯುಡಿಐಎನ್ ಆಯಾ ಪ್ರಮಾಣಪತ್ರಕ್ಕೇ ಅಂಟಿದ್ದು. ಸಿಎ ಹಳೆಯದನ್ನು ಕಾರಣ ಸಹಿತ ರದ್ದುಮಾಡಿ, ತಿದ್ದಿದ ಯುಸಿಗೆ ಹೊಸ 18 ಅಂಕಿಯ ಸಂಖ್ಯೆ ಪಡೆಯಬೇಕು. ಜಮಾ-ಖರ್ಚು ಪಟ್ಟಿಯಲ್ಲೂ ಮುಂಗಡ, 27,000 ಎರಡನ್ನೂ ಸರಿಮಾಡಿಸಿ. ಯುಸಿ ಒಂದು ಅಂಕಿ, ಆಡಿಟ್ ಇನ್ನೊಂದು ಅಂಕಿ ಹೇಳಿದರೆ ಮತ್ತೆ ವಾಪಸ್ ಬರುತ್ತದೆ. ಯುಸಿ ಸಲ್ಲಿಸಲು ಆರ್ಥಿಕ ವರ್ಷ ಮುಗಿದ ಮೇಲೆ ನಿಯಮದಲ್ಲಿ 12 ತಿಂಗಳು ಇದೆ, ಆದರೆ ಅಷ್ಟು ಕಾಯುತ್ತಾ ಕೂತರೆ ಮುಂದಿನ ಕಂತೂ ಕಾಯುತ್ತದೆ. ಯುಸಿ, ಆಡಿಟ್ ಪಟ್ಟಿ, ಬ್ಯಾಂಕ್ ತಾಳೆಪಟ್ಟಿ, ಟಿಡಿಎಸ್ ಚಲನ್, ಭಾರತ್‌ಕೋಶ್ ರಸೀದಿ, ಹೀಟರ್ ಪತ್ರದ ಪ್ರತಿ, ಇಷ್ಟನ್ನೂ ಒಟ್ಟಿಗೇ ಕಳಿಸಿ. ಜೊತೆಗೆ ಮೂರು ಆಕ್ಷೇಪಣೆಗೂ ಒಂದೊಂದಾಗಿ ಉತ್ತರಿಸಿದ ಹೊದಿಕೆ ಪತ್ರ ಇರಲಿ.